ಸಾಲೋಟಗಿಯ ಕಂಬದಲ್ಲಿ ಬರೆದಿರುವುದು

(ಇಂಡಿ ತಾಲೂಕಿನ ನಿಂಬೆ ಬೆಳೆಗಾರರೊಬ್ಬರ ಕಾಗದಕ್ಕೆ ಸಂಪಾದಕರ ಉತ್ತರ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ವಿಷಯ ವಿಜಯಪುರದ ಹತ್ತಿರ ತೊರವಿಯಲ್ಲಿರುವ ಮಹಿಳಾ ವಿಶ್ವವಿದ್ಯಾಲಯ. ಕಾಗದದ ಮುಖ್ಯ ಮಾತು ಇಷ್ಟು: “ತೊರವಿ ಕಡೆ ಹೋಗುವಾಗ ಬಸ್ಸಿನ ಕಿಟಕ್ಯಾಗಿಂದ ದೊಡ್ಡ ದೊಡ್ಡ ಕಟ್ಟಡ ಕಾಣ್ತಾವು. ಒಳಗ ಏನ್ ನಡೀತೈತಿ ನಮಗ್ಯಾರಿಗೂ ಗೊತ್ತಿಲ್ಲ. ಡಿಗ್ರಿ ಮುಗಿಸಿದ ಹುಡುಗರು ಕಟ್ಟಿ ಮ್ಯಾಲ ಕುಂತಾರ. ಕ್ಯಾಂಪಿಗೆ ಬಂದವರು ಏಳು ದಿನ ಕಸ ಹೊಡದು, ಫೋಟೊ ತಕ್ಕೊಂಡು ಹೋದ್ರು. ನಮ್ಮ ನಿಂಬಿ ಗಿಡಕ್ಕ ಕಜ್ಜಿ ಬಂದಾಗ ಹಾದಿ ತೋರಿಸಿದವರು ಕೆವಿಕೆದವರು. ಈ ವಿಶ್ವವಿದ್ಯಾಲಯ ನಮಗೇನ್ ಕೊಟ್ಟೈತಿ?”)

ಅಣ್ಣಾರೆ, ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಸಿಟ್ಟಿನ ಕಾಗದಕ್ಕೆ ಆವತ್ತೇ ಉತ್ತರ ಬರೆಯಬಾರದು ಅಂತ ನನ್ನದೊಂದು ಪದ್ಧತಿ. ಸಿಟ್ಟು ನಿಮ್ಮದು, ಆದರೆ ಓದಿದ ಮೇಲೆ ನನಗೂ ಬಂದಿತ್ತು.

ಮೊದಲು ಕೆವಿಕೆ ವಿಷಯ. ಇಂಡಿಯ ಕೃಷಿ ವಿಜ್ಞಾನ ಕೇಂದ್ರ ಯಾರದು ಗೊತ್ತಾ? ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು! ನೀವು ಕಜ್ಜಿ ಬಿದ್ದ ಟೊಂಗೆ ಹಿಡಿದುಕೊಂಡು ಹೋಗಿದ್ದು ಒಂದು ವಿಶ್ವವಿದ್ಯಾಲಯದ ಬಾಗಿಲಿಗೇ. ಯಾರೂ ತಡೆಯಲಿಲ್ಲ, ಯಾರೂ ಐಡಿ ಕಾರ್ಡ್ ಕೇಳಲಿಲ್ಲ. ಅದಕ್ಕೇ ಅದು ವಿಶ್ವವಿದ್ಯಾಲಯ ಅಂತ ನಿಮಗೆ ಅನಿಸಲೇ ಇಲ್ಲ. ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಜನ ಬುತ್ತಿ ಕಟ್ಟಿಕೊಂಡು ಜಾತ್ರೆಗೆ ಹೋದ ಹಾಗೆ ಹೋಗುತ್ತಾರೆ. ಹಾಗಾದರೆ ನಿಮ್ಮ ತಕರಾರು ವಿಶ್ವವಿದ್ಯಾಲಯಗಳ ಮೇಲಲ್ಲ, ತೆರೆಯದ ಗೇಟಿನ ಮೇಲೆ. ಅದರಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ.

ನಿಮ್ಮ ತಾಲೂಕಿನದೇ ಒಂದು ಕಥೆ ಹೇಳುತ್ತೇನೆ. ಸಾಲೋಟಗಿಯ ಕಂಬದ ಶಾಸನ ಕೇಳಿದ್ದೀರಾ? 945ನೇ ಇಸವಿಯದು. ಆಗ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಹುಡುಗರು ಓದಲು ಬರುತ್ತಿದ್ದರು. ಅವರು ಇರುವುದಕ್ಕೇ 27 ಮನೆ ಬೇಕಾದವು, ಅಂದರೆ ಈಗಿನ ಹಾಸ್ಟೆಲ್. ಶಾಲೆಗೆ 500 ನಿವರ್ತನ (ಆಗಿನ ಭೂಮಿಯ ಅಳತೆ) ಭೂಮಿ ಬಿಟ್ಟರು. ರಾತ್ರಿ ದೀಪ ಉರಿಸಲಿಕ್ಕೆ ಬೇರೆ 12 ನಿವರ್ತನ, ಮಾಸ್ತರರಿಗೆ 50. ನನಗೆ ಇಷ್ಟವಾದದ್ದು ಇದರ ಮುಂದಿನ ಮಾತು. ಅಗ್ರಹಾರದ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ ಕೊಡಬೇಕು. ಮುಂಜಿಗೆ ಎರಡೂವರೆ. ಚೌಲಕ್ಕೆ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ಶಾಸ್ತ್ರಕ್ಕೆ, ಒಂದೂಕಾಲು. ಮನೆಯಲ್ಲಿ ಶುಭಕಾರ್ಯವಾದರೆ ಶಾಲೆಗೂ ಒಂದು ಪಾಲು! ಶಾಲೆಯನ್ನು ರಾಜನ ತಲೆಗೆ ಕಟ್ಟಿ ಊರು ಸುಮ್ನೆ ಕೂರಲಿಲ್ಲ.

ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಅದು ಬ್ರಾಹ್ಮಣರ ಶಾಲೆ. ಒಳಗೆ ನಿಮ್ಮ ಮನೆಯ ಮಕ್ಕಳೂ ಇರಲಿಲ್ಲ, ನನ್ನ ಮನೆಯವರೂ ಇರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬಿಡಿ.

ಸ್ವಾತಂತ್ರ್ಯ ಬಂದಾಗಲೂ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಡಿಗ್ರಿ ಪರೀಕ್ಷೆ ಮುಂಬೈ ವಿಶ್ವವಿದ್ಯಾಲಯದ್ದು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬೈಯಲ್ಲೇ, ಮರುವರ್ಷ ಧಾರವಾಡಕ್ಕೆ ಬಂತು. ಅದನ್ನು ಎತ್ತಿ ನಿಲ್ಲಿಸಿದ ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರು. ಹಳ್ಳಿಯಿಂದ ಹೋಗಿ ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1954ರಿಂದ 1967ರವರೆಗೆ ಕುಲಪತಿಯಾಗಿದ್ದರು. ಆದರೂ ನಮಗೆ ಧಾರವಾಡ ಹತ್ತಿರವೇನಲ್ಲ, 200 ಕಿಲೋಮೀಟರ್ ಹಾದಿ.

ನನ್ನದೇ ಲೆಕ್ಕ ಕೇಳಿ. ತೊಂಬತ್ತರ ದಶಕದಲ್ಲಿ ನನ್ನ ಜೊತೆ ವಿಜಯಪುರದಲ್ಲಿ ಬಿ.ಎ. ಮುಗಿಸಿದ ಹುಡುಗಿಯರು ಹನ್ನೊಂದು ಮಂದಿ. ಎಂ.ಎ. ಮಾಡಿದವಳು ನಾನೊಬ್ಬಳೇ. ಜಾಣೆ ಅಂತ ಅಲ್ಲ. ನಮ್ಮ ಸೋದರಮಾವನ ಮನೆ ಧಾರವಾಡದಲ್ಲಿತ್ತು, ಅಷ್ಟೇ. ನನಗಿಂತ ಜಾಸ್ತಿ ಅಂಕ ತೆಗೆದ ಗೆಳತಿಗೆ ಅಲ್ಲಿ ಮಾವ ಇರಲಿಲ್ಲ. ಆ ಬೇಸಿಗೆಯಲ್ಲೇ ಅವಳ ಮದುವೆ ಆಯಿತು. ಈಗಲೂ ಸಿಕ್ಕರೆ “ನಿಮ್ಮ ಮಾವ ಹ್ಯಾಂಗದಾನ?” ಅಂತ ಕೇಳಿ ನಗುತ್ತಾಳೆ.

2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು. 2017ರಲ್ಲಿ ಅಕ್ಕಮಹಾದೇವಿಯ ಹೆಸರು ಇಟ್ಟರು. ನಿಮಗೆ ಕಿಟಕಿಯಿಂದ ಕಾಣುವುದು ಅದೇ. (ತೊರವಿ ಹತ್ತಿರವೇ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಅಂತ ಹೊಸ ಊರು ಕಟ್ಟಲು ಹೊರಟಿದ್ದ. 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳು ಮಾಡಿದ. ಸಂಗೀತ ಮಹಲಿನ ಗೋಡೆಗಳು ಇನ್ನೂ ನಿಂತಿವೆ. ಆ ಮಣ್ಣಿಗೆ ಹುಡುಗಿಯರ ಗದ್ದಲ ಬರಲು ಸುಮಾರು ನಾನೂರು ವರ್ಷ ಬೇಕಾಯಿತು.) ನೀವು “ಏನು ಕೊಟ್ಟಿತು” ಅಂದಿರಲ್ಲ, ನನ್ನ ಉತ್ತರ ಇದೇ. ಎಂ.ಎ. ಓದಲು ಧಾರವಾಡದಲ್ಲಿ ಸೋದರಮಾವ ಬೇಕಾಗಿಲ್ಲ ಈಗ.

ಇನ್ನು ನಿಮ್ಮ ಬೈಗುಳ. ಕೆಲವು ನ್ಯಾಯವಾದವೇ. ಎನ್‌ಎಸ್‌ಎಸ್ (ನಿಮ್ಮೂರಿಗೆ ಕ್ಯಾಂಪಿಗೆ ಬಂದ ಕಾಲೇಜು ಹುಡುಗರ ರಾಷ್ಟ್ರೀಯ ಸೇವಾ ಯೋಜನೆ) ಶುರುವಾದದ್ದು 1969ರಲ್ಲಿ, ಗಾಂಧೀಜಿ ನೂರರ ವರ್ಷದಲ್ಲಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಏಳು ದಿನ ಮುಗಿದ ಮೇಲೆ ಎಂಟನೇ ದಿನ ಯಾರೂ ತಿರುಗಿ ನೋಡುವುದಿಲ್ಲ ಅನ್ನುವುದು ನಿಜ. ಆದರೆ ಆ ಏಳು ದಿನ ಊರವರು ಹುಡುಗರಿಗೆ ಪೊರಕೆ ಕೊಟ್ಟಿರಿ. ಬೋರ್‌ವೆಲ್ ಎಷ್ಟು ಬತ್ತಿವೆ ಎಣಿಸಿಕೊಡಿ, ಶಾಲೆ ಬಿಟ್ಟ ಮಕ್ಕಳು ಎಷ್ಟು ಬರೆದುಕೊಡಿ ಅಂತ ಕೇಳಿದಿರಾ? ಕೇಳಿದ್ದರೆ ಪಂಚಾಯಿತಿಯ ಮುಂದೆ ಇಡಲು ಒಂದು ಪಟ್ಟಿಯಾದರೂ ಉಳಿಯುತ್ತಿತ್ತು.

ಗೇಟಿನ ಅನುಭವ ನನಗೂ ಆಗಿದೆ. ಹೆಸರು ಬೇಡ. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹಳೆಯ ಗೆಜೆಟಿಯರ್ ನೋಡಲು ಹೋಗಿದ್ದೆ. ಬಾಗಿಲಲ್ಲಿದ್ದವರು “ಸ್ಟೂಡೆಂಟಾ? ಸ್ಟಾಫಾ?” ಅಂದರು. ಎರಡೂ ಅಲ್ಲ ಅಂದೆ. “ಹಂಗಾದ್ರ ಯಾರು?” ಅಂದರು. ತೆರಿಗೆ ಕಟ್ಟುವವಳು ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ, ಬಸ್ ಹಿಡಿದು ವಾಪಸ್ ಬಂದೆ. ಜಿಲ್ಲೆಯ ದುಡ್ಡಿನಲ್ಲಿ ಕೊಂಡ ಪುಸ್ತಕವನ್ನು ಜಿಲ್ಲೆಯವರು ಕೂತು ಓದಿದರೆ ಏನು ಸವೆಯುತ್ತದೆ? ವಾರಕ್ಕೆ ಒಂದು ದಿನವಾದರೂ ಊರವರಿಗೆ ಬಿಡಲಿ. ಇದನ್ನು ಕುಲಸಚಿವರಿಗೆ ಬರೆದು ಕೇಳುವ ಹಕ್ಕು ನಿಮಗೂ ಇದೆ.

ಆದರೆ ಒಂದು ಬಾಗಿಲು ತೆರೆದೇ ಇದೆ. ‘ಶೋಧಗಂಗಾ’ ಅಂತ ಮೊಬೈಲಿನಲ್ಲಿ ಹುಡುಕಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅಲ್ಲಿ ಇಡುತ್ತದೆ. ಪುಕ್ಕಟೆ ಓದಬಹುದು. ಕನ್ನಡದಲ್ಲಿ ಬರೆದವೂ ಇವೆ. ಕೆಲವು ಬರೀ ತೌಡು ಕುಟ್ಟಿದವು, ಹೇಳಿಬಿಡುತ್ತೇನೆ. ಒಳ್ಳೆಯವೂ ಸಿಗುತ್ತವೆ.

ಕಟ್ಟೆ ಮೇಲೆ ಕೂತ ಹುಡುಗರ ವಿಷಯಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕೆಲಸ ಕೊಡುವುದು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ ಅನ್ನಬಹುದು. ಆದರೆ ಪರೀಕ್ಷೆ ಮುಗಿದು ತಿಂಗಳುಗಟ್ಟಲೆ ಮಾರ್ಕ್ಸ್ ಕಾರ್ಡ್ ಬರದಿದ್ದರೆ, ಇರುವ ಕೆಲಸಕ್ಕೂ ಅರ್ಜಿ ಹಾಕಲು ಆಗುವುದಿಲ್ಲ. ಅದಂತೂ ಅವರದೇ ಕೆಲಸ, ಅಲ್ವಾ?

ಹಾಗಂತ ಮುಚ್ಚಿಬಿಡಿ ಅಂತೀರಾ? ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಶುರುವಾಯಿತು. 2025ರ ಆರಂಭದಲ್ಲಿ ಸಂಪುಟ ಉಪಸಮಿತಿಯಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯ ಮುಚ್ಚುವ ಮಾತು ಬಂತು, ಅದರಲ್ಲಿ ಇದೂ ಒಂದು. ದುಡ್ಡಿಲ್ಲದೆ ತೆರೆದದ್ದು ತಪ್ಪು, ಒಪ್ಪುತ್ತೇನೆ. ಮಗು ಹುಟ್ಟಿದ ಮೇಲೆ ಹಾಲಿಲ್ಲ ಅನ್ನುವುದು ಇನ್ನೂ ದೊಡ್ಡ ತಪ್ಪು.

ಕೊನೆಗೆ, ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಎರಡು ಸಾಲು. “ಮಗಳು ಬಿ.ಎ. ಕೊನೀ ವರ್ಷ. ತೊರವಿಗೆ ಎಂ.ಎ.ಗೆ ಹೋಗ್ತೀನಿ ಅಂತಾಳ. ಏನ್ ಮಾಡ್ಲಿ?” ಉಳಿದದ್ದನ್ನೆಲ್ಲ ಬರೆದದ್ದು ಇದನ್ನು ಕೇಳಲಿಕ್ಕೇ ಅಂತ ನನಗೆ ಅನುಮಾನ.

ಕಳಿಸಿ. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಕೈಯಲ್ಲಿರಲಿ. ಇಂಡಿಯಿಂದ ದಿನಾ ಓಡಾಡುವುದು ಕಷ್ಟ, ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ. ಜಾತಿ-ಆದಾಯದ ಪ್ರಮಾಣಪತ್ರ ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಫಲಿತಾಂಶ ಬಂದ ಮೇಲೆ ಹೋದರೆ ಅಲ್ಲಿ ಪಾಳಿ ಹನುಮಂತನ ಬಾಲದಷ್ಟಿರುತ್ತದೆ. ಮೊದಲ ದಿನ ಅವಳನ್ನು ಬಿಡಲು ನೀವೇ ಬನ್ನಿ. ಒಳಗೆ ಏನು ನಡೆಯುತ್ತದೆ ಅಂತ ನೋಡಿಕೊಂಡು, ನಮ್ಮ ಕಚೇರಿಗೆ ಬಂದು ಚಹಾ ಕುಡಿದು ಹೋಗಿ. ಬರುವಾಗ ನಾಲ್ಕು ನಿಂಬೆಹಣ್ಣು ತಂದರೆ ಬೇಡ ಅನ್ನುವುದಿಲ್ಲ.

— ಸಂಪಾದಕಿ