9ನೇ ಕ್ಲಾಸಿನ ಮಗಳು ಕ್ರಿಸ್ಮಸ್ ರಜೆಗೆ ಹೂಡಿ (ಟೋಪಿ ಇರುವ ಸ್ವೆಟ್‌ಶರ್ಟ್), ಸಡಿಲವಾದ ಬ್ಯಾಗಿ ಜೀನ್ಸ್ ಬೇಕು ಅಂತಾಳೆ. ಬೀರುವಿನಲ್ಲಿ ಒಳ್ಳೆ ಸ್ವೆಟರ್ ಇದೆ. ಕೊಡಿಸಬೇಕಾ?

ಕೊಡಿಸಿ. ಎರಡೂ ಒಟ್ಟಿಗೆ ಆಗದಿದ್ದರೆ ಹೂಡಿ ಮೊದಲು.

ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ಈ ಮಕ್ಕಳು ಜೂನ್‌ನಿಂದ ಯೂನಿಫಾರ್ಮಿನಲ್ಲೇ ಇರುತ್ತಾರೆ. ಚಳಿಗೆ ಹಾಕುವ ಸ್ವೆಟರ್ ಕೂಡ ಶಾಲೆ ಹೇಳಿದ ಬಣ್ಣದ್ದೇ ಆಗಬೇಕು. ಕಲರ್ ಡ್ರೆಸ್ ಅಂದರೆ ಹುಟ್ಟುಹಬ್ಬದ ದಿನ, ಇಲ್ಲಾ ಟೂರ್ ದಿನ ಮಾತ್ರ. ರಾಜ್ಯ ಪಠ್ಯಕ್ರಮದ ಬಹಳಷ್ಟು ಶಾಲೆಗಳಿಗೆ ದೊಡ್ಡ ರಜೆ ದಸರಾಕ್ಕೇ ಮುಗಿದಿರುತ್ತದೆ. ಡಿಸೆಂಬರ್‌ನಲ್ಲಿ ವಾರದ ರಜೆ ಸಿಗುವುದು ಮಿಷನ್ ಶಾಲೆ, ಸಿಬಿಎಸ್‌ಇ ಶಾಲೆಗಳ ಮಕ್ಕಳಿಗೇ ಜಾಸ್ತಿ. ಮುಂದಿನ ವರ್ಷ ನಿಮ್ಮ ಮಗಳಿಗೆ ಸ್ಪೆಷಲ್ ಕ್ಲಾಸು, ಪ್ರಿಪರೇಟರಿ ಶುರುವಾಗುತ್ತದೆ. ನೆಮ್ಮದಿಯಾಗಿ ಓಡಾಡುವ ಚಳಿಗಾಲ ಇದೊಂದೇ. ಆ ಒಂದು ವಾರ ತನಗಿಷ್ಟವಾದ ಬಟ್ಟೆ ಹಾಕಿಕೊಳ್ಳಬೇಕು ಅನ್ನುವುದು ಶೋಕಿ ಅಲ್ಲ.

ಡಿಸೆಂಬರ್‌ನಲ್ಲಿ ಮಕ್ಕಳನ್ನು ಟೂರ್‌ಗೆ ಕರೆದುಕೊಂಡು ಹೋಗುತ್ತೇವೆ. ನಸುಕಿನಲ್ಲೇ ಬಸ್ಸು ಹೊರಡುತ್ತದೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗನೊಬ್ಬ ಈ ಸಲ ಮೈತುಂಬ ಜೇಬಿದ್ದ ಕಾರ್ಗೋ ಪ್ಯಾಂಟ್ ಹಾಕಿಕೊಂಡು ಬಂದಿದ್ದ. ಒಂದು ಜೇಬಿನಲ್ಲಿ ಶೇಂಗಾ ಚಿಕ್ಕಿ, ಇನ್ನೊಂದರಲ್ಲಿ ಗೆಳೆಯನ ಕನ್ನಡಕ, ಮೊಣಕಾಲಿನ ಹತ್ತಿರದ್ದರಲ್ಲಿ ಯಾರದ್ದೋ ಕರ್ಚೀಫು. ದಿನವಿಡೀ ಎಲ್ಲರೂ ಅವನ ಹೆಸರು ಕೂಗುತ್ತಿದ್ದರು. ಅವನು ಅಷ್ಟು ಮಾತಾಡಿದ್ದನ್ನು ನಾನು ಅವತ್ತೇ ನೋಡಿದ್ದು.

ಇನ್ನು ಸ್ವೆಟರ್ ವಿಷಯ. ನಮ್ಮದು ದೆಹಲಿ ಚಳಿ ಅಲ್ಲ. ಅಲ್ಲಿ ಜನವರಿ ಮೊದಲ ಹದಿನೈದು ದಿನ ಚಳಿಗೆ ಅಂತಲೇ ಶಾಲೆಗೆ ರಜೆ ಕೊಡುತ್ತಾರೆ, ಕಾಶ್ಮೀರದಲ್ಲಂತೂ ತಿಂಗಳುಗಟ್ಟಲೆ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿ ಸುಮಾರು 16 ಡಿಗ್ರಿ, ಮಧ್ಯಾಹ್ನ 26–27. ದಪ್ಪ ಉಣ್ಣೆ ಸ್ವೆಟರ್ ಹತ್ತು ಗಂಟೆಗೆಲ್ಲ ಬ್ಯಾಗು ಸೇರುತ್ತದೆ. ಹತ್ತಿಯ ಹೂಡಿ ಬೆಳಗ್ಗೆ ಬೆಚ್ಚಗಿಡುತ್ತದೆ, ಬಿಸಿಲೇರಿದರೆ ಸೊಂಟಕ್ಕೆ ಕಟ್ಟಿಕೊಂಡರಾಯಿತು. ನಮ್ಮ ಹವೆಗೆ ಮಗಳ ಆಯ್ಕೆಯೇ ಸರಿ. ಬೀದರ್, ವಿಜಯಪುರ ಕಡೆಯವರಾದರೆ ಒಳಗೊಂದು ಬೆಚ್ಚನೆಯ ಥರ್ಮಲ್ ಬನಿಯನ್ ಇರಲಿ. ಅಲ್ಲಿ ಒಮ್ಮೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ.

ಕೊಳ್ಳುವಾಗ ಹೂಡಿಯನ್ನು ಒಳಮಗ್ಗುಲು ಮಾಡಿ ನೋಡಿ. ಒಳಗೆ ಸಣ್ಣ ಸಣ್ಣ ದಾರದ ಕುಣಿಕೆ ಕಂಡರೆ ಅದು ಟೆರಿ, ಹಗುರ. ಮೆತ್ತಗೆ ತುಪ್ಪಳದ ಹಾಗಿದ್ದರೆ ಫ್ಲೀಸ್, ಬೆಚ್ಚಗೆ ಜಾಸ್ತಿ. ಬೆಂಗಳೂರು, ಹುಬ್ಬಳ್ಳಿಗೆ ಟೆರಿ ಸಾಕು. ತೋಳಿನ ತುದಿಯ ಪಟ್ಟಿ ಎಳೆದು ಬಿಡಿ. ತಕ್ಷಣ ಮೊದಲಿನ ಹಾಗೆ ಆಗದಿದ್ದರೆ ಎರಡು ಒಗೆತಕ್ಕೆ ಜೋಲುತ್ತದೆ. ದೊಡ್ಡ ಪ್ರಿಂಟ್ ಬೇಡ, ಬೇಗ ಬಿರುಕು ಬಿಡುತ್ತದೆ. ಓವರ್‌ಸೈಜ್ ಅಂತ ಬರೆದಿದ್ದರೆ ಅದನ್ನು ಸಡಿಲವಾಗಿಯೇ ಹೊಲಿದಿರುತ್ತಾರೆ. ಮತ್ತೆ ಒಂದು ಸೈಜ್ ದೊಡ್ಡದು ತಗೊಂಡರೆ ಭುಜ ಮೊಣಕೈಗೆ ಬಂದು ಕೂರುತ್ತದೆ.

ಚಳಿಗಾಲದಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿ ಹಾಕುವ ಊರಾದರೆ ಮೊದಲು ಅಲ್ಲಿಗೆ ಹೋಗಿ. ಅವರ ಮಾಲು ಬಹುತೇಕ ಲೂಧಿಯಾನದ್ದು. ಈಗ ಅಲ್ಲೂ ಮುಂದಿನ ಸಾಲಿಗೆ ಹೂಡಿಗಳನ್ನೇ ನೇತು ಹಾಕಿರುತ್ತಾರೆ. ಮುಟ್ಟಿ ನೋಡಬಹುದು, ಹಾಕಿಯೂ ನೋಡಬಹುದು. ಆನ್‌ಲೈನ್‌ನಲ್ಲಿ ಅದಾಗುವುದಿಲ್ಲ.

ಜೀನ್ಸ್‌ಗೆ ನನ್ನದು ಒಂದೇ ತಕರಾರು, ಉದ್ದ. ರೀಲ್ಸ್‌ನಲ್ಲಿ ನೆಲ ಗುಡಿಸುವ ಹಾಗೆ ಹಾಕಿರುತ್ತಾರೆ. ನಮ್ಮ ಶಾಲೆಗೆ ಸೈಕಲ್ಲಿನಲ್ಲಿ ಬರುವ ಹುಡುಗಿಯೊಬ್ಬಳ ಪ್ಯಾಂಟ್ ತುದಿ ರಜೆಯಲ್ಲಿ ಚೈನಿಗೆ ಸಿಕ್ಕಿಕೊಂಡು, ಬಿದ್ದು ಮಂಡಿ ತರಚಿಕೊಂಡಿದ್ದಳು. ಅಂಗಡಿಯಲ್ಲಿ ಚಪ್ಪಲಿ ಹಾಕಿಸಿಯೇ ಅಳತೆ ನೋಡಿ. ಹೆಚ್ಚಿದ್ದರೆ ಕತ್ತರಿಸಬೇಡಿ, ಒಳಗೆ ಮಡಚಿ ಹೊಲಿಸಿ. ಇನ್ನೂ ಬೆಳೆಯುವ ವಯಸ್ಸಲ್ವಾ, ಮುಂದಿನ ವರ್ಷ ಬಿಚ್ಚಬಹುದು.

ಇಷ್ಟು ದುಡ್ಡು ಅಂತ ಮೊದಲೇ ಹೇಳಿ, ಅವಳನ್ನೇ ಕರೆದುಕೊಂಡು ಹೋಗಿ. ಬಣ್ಣ ಅವಳಿಗೆ ಬಿಡಿ. ಒಗೆದರೆ ಬಣ್ಣ ಹೋಗುತ್ತಾ ಅನ್ನುವುದನ್ನು ಅಂಗಡಿಯವರ ಹತ್ತಿರ ಅವಳೇ ಕೇಳಲಿ.