ಯುಗಾದಿ ಸರಿಯೋ, ಉಗಾದಿ ಸರಿಯೋ? ಪ್ರತಿ ವರ್ಷ ಯಾಕೆ ಈ ಜಗಳ?

ಎರಡೂ ಸರಿ. ಯುಗ, ಆದಿ ಎರಡೂ ಸಂಸ್ಕೃತದ ಪದಗಳು, ಸೇರಿ ಯುಗಾದಿ. ಜನರ ಬಾಯಲ್ಲಿ ಮೊದಲ ‘ಯ’ ಸವೆದು ಉಗಾದಿ ಆಯ್ತು. ಅದು ತದ್ಭವ, ತಪ್ಪಲ್ಲ. ಯಾತ್ರೆ ಅನ್ನೋದು ಜಾತ್ರೆ ಆಗಿಲ್ವಾ? ಊರ ಜಾತ್ರೆಗೆ ಹೊರಟವರನ್ನು ತಡೆದು ‘ಯಾತ್ರೆ ಅನ್ನಿ’ ಅಂತ ಯಾರೂ ತಿದ್ದುವುದಿಲ್ಲ. ಹಬ್ಬದ ಹೆಸರು ಬಂದಾಗ ಮಾತ್ರ ಸುಮ್ನೆ ಜಗಳ ಶುರು.

ಹೋದ ವರ್ಷ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಮ್ಮ ಬೇವು-ಬೆಲ್ಲದ ಬಟ್ಟಲಿನ ಫೋಟೊ ಹಾಕಿ ‘ಉಗಾದಿ ಶುಭಾಶಯ’ ಅಂತ ಬರೆದರು, ಕೆಳಗೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಬರೀ ‘ಯು’ ಬಗ್ಗೆಯೇ, ತಿರುಗಿ ಶುಭಾಶಯ ಹೇಳಿದವರು ಇಬ್ಬರೇ. ನನಗೆ ತುಂಬಾ ಬೇಜಾರಾಯ್ತು. ಸಂಜೆ ನೋಡಿದರೆ ಅವರು ಆ ಫೋಟೊವನ್ನೇ ಅಳಿಸಿದ್ದರು.