ವೆಬ್‌ಸೈಟು ಮಾಲೀಕರದ್ದು, ನೋಟಿಸು ನಿಮ್ಮ ಹೆಸರಿಗೆ

ಧಾರವಾಡದ ಓದುಗರೊಬ್ಬರ ಪತ್ರ: "ಇಬ್ಬರು ಪಾಲುದಾರರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ವ್ಯಾಪಾರಕ್ಕೆ ನಾನು ಮ್ಯಾನೇಜರ್. ಈಗ ನಮ್ಮದೇ ವೆಬ್‌ಸೈಟಿನಲ್ಲೂ ಮಾರುತ್ತೇವೆ. ಸೈಟಿನ ಕೆಲಸ ಪೂರ್ತಿ ನನ್ನ ತಲೆ ಮೇಲೆ. ನಾಳೆ ಕೇಸು ಬಿದ್ದರೆ ಮಾಲೀಕರ ಮೇಲೆ ತಾನೇ? ಸಂಬಳಕ್ಕೆ ದುಡಿಯುವ ನನಗೇನು ಭಯ?"

ಸಂಪಾದಕರ ಉತ್ತರ:

ಭಯ ಬೇಡ ಸಾರ್, ಆದರೆ ಹುಷಾರಾಗಿರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 85ನೇ ಕಲಮು, 2006ರ ಆಹಾರ ಸುರಕ್ಷತೆ ಕಾಯ್ದೆಯ 66ನೇ ಕಲಮು ಎರಡನ್ನೂ ತೆಗೆದು ನೋಡಿ. ತಪ್ಪು ಕಂಪನಿಯದ್ದಾದರೂ ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಯಾರು ಅಂತ ಅವು ಕೇಳುತ್ತವೆ. ಒಪ್ಪಿಗೆ ಕೊಟ್ಟವರ, ಅಸಡ್ಡೆ ಮಾಡಿದವರ ಪಟ್ಟಿಯಲ್ಲಿ 'ಮ್ಯಾನೇಜರ್' ಅನ್ನೋ ಪದವೇ ಅಚ್ಚಾಗಿದೆ. ನಿಮ್ಮದು ಪಾಲುದಾರಿಕೆ ಅಂಗಡಿ, ಕಂಪನಿ ಅಲ್ಲ ಅಂತೀರಾ? ಅಲ್ಲಿ ಪಾಲುದಾರಿಕೆಯೂ ಕಂಪನಿಯೇ.

ಇದಕ್ಕೊಂದು ಹಳೇ ಕಥೆ ಇದೆ. 2004ರ ನವೆಂಬರ್ 27, ಶನಿವಾರ ರಾತ್ರಿ. ಬಾಜೀ ಡಾಟ್ ಕಾಮ್ ಅನ್ನುವ ಮಾರಾಟದ ಸೈಟಿನಲ್ಲಿ ವಿದ್ಯಾರ್ಥಿಯೊಬ್ಬ ಅಶ್ಲೀಲ ವಿಡಿಯೊ ಒಂದನ್ನು 125 ರೂಪಾಯಿಗೆ ಮಾರಾಟಕ್ಕಿಟ್ಟ. ಅದೇ ರಾತ್ರಿ ಇನ್ನೊಬ್ಬ ಬಳಕೆದಾರರು ಸೈಟಿಗೆ ಇಮೇಲ್ ಮಾಡಿ ದೂರಿದರು. ಅದನ್ನು ತೆಗೆದಾಗ ಸೋಮವಾರ ಬೆಳಗ್ಗೆ ಹತ್ತು ದಾಟಿತ್ತು. ನಡುವೆ ಒಂದು ಭಾನುವಾರ, ಅಷ್ಟೇ. ಡಿಸೆಂಬರ್‌ನಲ್ಲಿ ಸಿಇಒ ಅವನೀಶ್ ಬಜಾಜ್ ಅವರನ್ನು ದೆಹಲಿ ಪೊಲೀಸರು ಬಂಧಿಸಿದರು. ವಿಡಿಯೊ ಮಾಡಿದವರೂ ಅವರಲ್ಲ, ಮಾರಿದವರೂ ಅವರಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಕೇಸು ರದ್ದು ಮಾಡಿತು. ಅದೂ ಯಾಕೆ? ಕಂಪನಿಯನ್ನೇ ಆರೋಪಿ ಮಾಡದೆ ಅವರೊಬ್ಬರನ್ನು ಹಿಡಿದದ್ದು ಸರಿಯಲ್ಲ ಅಂತ. ಅದೇ ಕಂಪನಿಯ ಹಿರಿಯ ಮ್ಯಾನೇಜರ್ ಒಬ್ಬರು ಕೇಸಿನಿಂದ ಪೂರ್ತಿ ಬಿಡುಗಡೆಯಾಗಲು 2016ರವರೆಗೆ ಕಾಯಬೇಕಾಯಿತು. ಹನ್ನೆರಡು ವರ್ಷ! ಅವರೂ ನಿಮ್ಮ ಹಾಗೇ ಸಂಬಳಕ್ಕೆ ದುಡಿಯುವವರು.

ರೊಟ್ಟಿಗೂ ಇದಕ್ಕೂ ಏನು ಸಂಬಂಧ ಅಂತ ನಗಬೇಡಿ. ಆ ಭಾನುವಾರ ನಿಮ್ಮಲ್ಲೂ ಬರುತ್ತದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಕೇಳುವವರ ಹೆಸರು, ಫೋನು ಸೈಟಿನಲ್ಲಿ ಇರಬೇಕು. ದೂರು ಸಿಕ್ಕಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇಲ್ಲದಿದ್ದರೆ ಗುವಾಹಟಿಯ ಗಿರಾಕಿ ತನ್ನೂರಿನ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಒಂದು ಪ್ಯಾಕೆಟ್ ಚಟ್ನಿಗೆ ಗುವಾಹಟಿಗೆ ಓಡಾಡುತ್ತೀರಾ?

ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾತ್ರ ನಾನು ಬೆಚ್ಚಿದೆ. ನವಣೆ ರೊಟ್ಟಿಯ ಫೋಟೊ ಕೆಳಗೆ "ಶುಗರ್‌ಗೆ ರಾಮಬಾಣ, ಮೂರು ತಿಂಗಳಲ್ಲಿ ಗುಣ" ಅಂತಿದೆ. ಯಾರು ಬರೆದದ್ದು? ಡಿಸೈನ್ ಮಾಡುವ ಹುಡುಗನಾ? ಅವನನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ. ಫೋಟೊ ಸಹ ಗೂಗಲ್‌ನಿಂದ ಎತ್ತಿದ ಹಾಗಿದೆ. ನಮ್ಮ ಪತ್ರಿಕೆಯೂ ಒಮ್ಮೆ ಹಾಗೆ ಮಾಡಿ, ಛಾಯಾಗ್ರಾಹಕರ ವಕೀಲರಿಂದ ನೋಟಿಸು ತಿಂದಿದೆ. ನಿಮ್ಮದೇ ರೊಟ್ಟಿ, ನಿಮ್ಮದೇ ಮೊಬೈಲು, ಒಂದು ಫೋಟೊ ತೆಗೆಯಲು ಎಷ್ಟು ಹೊತ್ತು ಸಾರ್?

ಇಮೇಲಿನಲ್ಲೂ ಜೋಪಾನ. ಸಗಟು ಖರೀದಿದಾರರಿಗೆ ಸುಮ್ನೆ "ಆಯ್ತು, ಕಳಿಸ್ತೀವಿ" ಅಂತ ಬರೆದರೂ ಅದು ಕರಾರು ಆಗಬಹುದು. ವೇದಾಂತ ಅಲ್ಯೂಮಿನಿಯಂ ಕಂಪನಿ ಬಾಕ್ಸೈಟ್ ಅದಿರು ಕೊಳ್ಳುವ ವಿಷಯದಲ್ಲಿ ಹಾಗೇ ಸಿಕ್ಕಿಹಾಕಿಕೊಂಡಿತ್ತು. ಸಹಿ ಬಿದ್ದಿರಲಿಲ್ಲ, ಮಾತುಕತೆ ಇಮೇಲಿನಲ್ಲೇ ನಡೆದಿತ್ತು. ಕರಾರು ಆಗಿದೆ ಅಂತಲೇ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ತಪ್ಪಿಸಿಕೊಳ್ಳುವ ದಾರಿಯೂ ಆ ಕಲಮುಗಳಲ್ಲೇ ಇದೆ. ನಿಮಗೆ ಗೊತ್ತಿಲ್ಲದೆ ಆಯಿತು, ಇಲ್ಲವೇ ಆಗದಂತೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದಿರಿ ಅಂತ ತೋರಿಸಬೇಕು. ತೋರಿಸೋಕೆ ಕಾಗದ ಬೇಕಲ್ವಾ? ಹಾಗಾಗಿ ಮಾಲೀಕರಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಇಮೇಲ್ ಮಾಡಿ: ಈ ಸಾಲು ತೆಗೆಯೋಣ, ಭಾನುವಾರ ದೂರು ನೋಡಲು ಒಬ್ಬರನ್ನು ಇಡೋಣ ಅಂತ. ಬೇಡ ಅಂದರೆ ಆ ಉತ್ತರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಆಮೇಲೆ ಊರಿನ ವಕೀಲರೊಬ್ಬರಿಗೆ ಸೈಟು ತೋರಿಸಿ.

ಅಂದ ಹಾಗೆ, ಪತ್ರದ ಜೊತೆ ಬಂದ ರೊಟ್ಟಿ ಪ್ಯಾಕೆಟ್ಟಿನ ಹಿಂದೆ ತಯಾರಾದ ದಿನಾಂಕದ ಜಾಗ ಖಾಲಿ ಇತ್ತು. ರೊಟ್ಟಿ ಮಾತ್ರ ಚೆನ್ನಾಗಿತ್ತು.